ಸಾರಿನ ಪಾತ್ರೆಯ ಕೆಳಗಿದ್ದ ನೋಟ್‌ಬುಕ್

ಯಾವ ವಾರವೆಂದು ಮರೆತಿದೆ, ಮಾತುಗಳೂ ಒಂದೆರಡು ಆಚೀಚೆ ಆಗಿರಬಹುದು. ಆದರೆ ಸ್ಕೋಫೀಲ್ಡ್ಸ್ ಬಡಾವಣೆಯ ನಮ್ಮ ಮನೆಯಲ್ಲಿ ಭಾವ ಬಿಸಿ ಸಾರಿನ ಪಾತ್ರೆಯನ್ನು ಚಿಕ್ಕಮ್ಮನ ನೋಟ್‌ಬುಕ್ ಮೇಲೆ ಇಟ್ಟದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಚಿಕ್ಕಮ್ಮ ನಿವೃತ್ತ ರಸಾಯನ ವಿಜ್ಞಾನಿ. ಲೋಹದೊಳಗೆ ಹೈಡ್ರೋಜನ್ ತುಂಬಿದಾಗ ಲೆಕ್ಕಕ್ಕೆ ಸಿಗದ ಶಾಖ ಕಂಡದ್ದನ್ನು ಆ ನೋಟ್‌ಬುಕ್‌ನಲ್ಲಿ ಬರೆದಿದ್ದರು. ಲೋಹದ ಸಣ್ಣ ಬಿರುಕುಗಳಲ್ಲಿ ಪರಮಾಣುಗಳು ಒಂದಕ್ಕೊಂದು ಬೆಸೆದುಕೊಂಡು ಆ ಶಾಖ ಹುಟ್ಟಿರಬಹುದು ಎಂಬುದು ಅವರ ಊಹೆ. ಮೆಲ್ಬರ್ನ್‌ನಲ್ಲಿ ಭೌತಶಾಸ್ತ್ರ ಕಲಿಸುವ ಭಾವನಿಗೆ ತೋರಿಸಲೆಂದೇ ತಂದಿದ್ದರು.

“ಪರಮಾಣು ಬೆಸೆಯೋಕೆ ಸೂರ್ಯನಷ್ಟು ಬಿಸಿ ಬೇಕು ಆಂಟಿ. ನಿಮ್ಮ ಥರ್ಮಾಮೀಟರ್ ಕೆಟ್ಟಿತ್ತು, ಬಿಡಿ,” ಎಂದು ಭಾವ ನಕ್ಕರು.

“ಇರಬಹುದಪ್ಪ. ಎಲ್ಲಿ ತಪ್ಪಿದೆ ಅಂತ ನೀನೇ ಹುಡುಕಿಕೊಡು,” ಎಂದರು ಚಿಕ್ಕಮ್ಮ. ಭಾವ ಅನ್ನಕ್ಕೆ ಸಾರು ಬಡಿಸಿಕೊಂಡರು.

ವಿಜ್ಞಾನದಲ್ಲಿ ಭಾವನೇ ಸರಿಯಿರಬಹುದು. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಅವರು ಹೊರಡುವಾಗ ಕೇಳಿದೆ, “ಒಂದು ಪುಟವಾದರೂ ತೆರೆದು ನೋಡಿದ್ರಾ ಭಾವ?”