ಬೀಸೋ ಕಲ್ಲಿಗೆ ಹಾರ, ಅಣ್ಣಗ ಸರಪಳಿ

ನಮ್ಮಣ್ಣನ ಕಾಲಿಗೆ ಸರಪಳಿ ಹಾಕಿದ ದಿನ ನಾನು ದೊಡ್ಡಪ್ಪನ ಮುಂಗೈ ಕಚ್ಚಿ ರಕ್ತ ತಗದೆ. ಈಗ ನೆನಸಿಕೊಂಡ್ರೂ ಇನ್ನಷ್ಟು ಕಚ್ಚಬೇಕಿತ್ತು ಅನಸ್ತೈತಿ. ಬಳ್ಳಾರಿ ಬ್ರೂಸ್‌ಪೇಟಿಗೆ ಹೋಗಿ, ಎಮ್ಮಿ ಕಟ್ಟೋ ಸರಪಳಿ ಎಳದೆಳದು ನೋಡಿ, ಗಟ್ಟಿಮುಟ್ಟಾದ್ದನ್ನ ಆರಿಸಿ ತಂದಿದ್ದ ಪುಣ್ಯಾತ್ಮ. ಸ್ವಂತ ತಮ್ಮನ ಮಗನ ಕಾಲಿಗೆ! ನಾವು ಸಣ್ಣೋರಿದ್ದಾಗ ಅಪ್ಪ ತೀರಿಕೊಂಡಿದ್ದ, ಕುರುಗೋಡಿನ ನಮ್ಮ ಮನ್ಯಾಗ ದೊಡ್ಡಪ್ಪ ಹೇಳಿದ್ದೇ ಕಾಯ್ದೆ. ಅವ್ವ ಅವನ ಮುಂದ ಸೆರಗು ಬಾಯಿಗಿಟ್ಟುಕೊಂಡು ಗೋಡಿಗೆ ನಿಲ್ಲೋ ಹೆಣ್ಣುಮಗಳು. ನಾನು ಹಂಗಲ್ಲ, ನನಗ ಸಿಟ್ಟು ಮೂಗಿನ ತುದಿಮ್ಯಾಲ. ಅರವತ್ತರ ದಶಕ ಮುಗಿಯೋ ಹೊತ್ತು ಅದು. ನನ್ನ ಸಾಲಿ ಬಿಡಿಸಿದ್ರು, ಮದುವಿ ಇನ್ನೂ ಮಾಡಿದ್ದಿಲ್ಲ.

ಅಣ್ಣ ಬಳ್ಳಾರಿಯಾಗ ಹತ್ತಿ ಬಿಡಿಸೋ ಒಂದು ಜಿನ್ನಿಂಗ್ ಮಿಲ್ಲಿನ್ಯಾಗ ಕೆಲಸಕ್ಕಿದ್ದ. ಜೋಡಿ ಒಬ್ಬ ಸಿರುಗುಪ್ಪದ ಹುಡುಗ. ಇಬ್ಬರದೂ ಒಂದೇ ಖೋಲಿ, ಒಂದೇ ಬುತ್ತಿ. ಒಂದಿನ ಆ ಹುಡುಗನ ಹೆಗಲಮ್ಯಾಲಿನ ವಲ್ಲಿ ಮಷೀನಿನ ಪಟ್ಟಾಕ್ಕ ಸಿಕ್ಕಿತು. ವಲ್ಲಿ ಬಿಡಿಸಿಕೊಳ್ಳಾಕ ಕೈ ಹಾಕಿದ, ಕೈನೂ ಹೋತು. ಅಣ್ಣ "ನಿಲ್ಲಸ್ರೀ, ನಿಲ್ಲಸ್ರೀ" ಅಂತ ಗಂಟಲು ಹರಕೊಂಡ. ಆ ಸಪ್ಪಳದಾಗ ಯಾರಿಗೆ ಕೇಳಬೇಕು? ಯಾರೋ ಓಡಿಹೋಗಿ ಇಂಜಿನ್ ಬಂದ್ ಮಾಡೋದ್ರೊಳಗ ಹುಡುಗನ ತೋಳು ಹೆಗಲತನಕ ನುಗ್ಗಾಗಿತ್ತು. ದವಾಖಾನಿ ಬಾಗಲದಾಗ ಜೀವ ಬಿಟ್ಟನಂತ. ಇಷ್ಟೂ ನಮಗ ಮಿಲ್ಲಿನ ಮಂದಿ ಬಂದು ಹೇಳಿದ್ದು. ಅಣ್ಣ ಒಂದು ಮಾತು ಹೇಳಲಿಲ್ಲ.

ಅವರೇ ಅವನನ್ನ ಬಸ್ಸಿನ್ಯಾಗ ಕರಕೊಂಡು ಬಂದು ಮನಿ ಮುಟ್ಟಿಸಿದ್ರು. ಮೊದಲು ಒಂದು ಮೂಲಿ ಹಿಡದು ಕುಂತ. ಉಣ್ಣು ಅಂದ್ರ ಉಣ್ಣತಿದ್ದ, ಮಲಗು ಅಂದ್ರ ಕಣ್ಣು ಬಿಟಗೊಂಡು ಮಲಗತಿದ್ದ. ನಮ್ಮ ಓಣಿಯಾಗ ಒಂದು ಹಿಟ್ಟಿನ ಗಿರಣಿ ಇತ್ತು. ಮುಂಜಾನಿ ಅದರ ಇಂಜಿನ್ ಶುರು ಆದ್ರ ನಮ್ಮ ಗೋಡಿ ಅದರತಿತ್ತು. ಅದು ಶುರು ಆತಂದ್ರ ಸಾಕು, ಅಣ್ಣ ಎದ್ದು ಸಿಕ್ಕಿದ್ದನ್ನ ಬೀಸಿ ಒಗಿತಿದ್ದ. ಕುದಿಯೋ ಸಾರಿನ ಗಡಿಗಿ ಒಗದ. ಒನಕಿ ತಗೊಂಡು ಬಾಗಲ ಮುರದ. ಅಡ್ಡ ಬಂದ ಅವ್ವನ ಕಪಾಳಕ್ಕ ಹೊಡದ, ಅವ್ವನ ಕಿವಿಯಾಗ ರಕ್ತ ಬಂತು. ಗಿರಣಿಗೂ ಇವನ ಹುಚ್ಚಿಗೂ ಸಂಬಂಧ ಐತಿ ಅಂತ ನಮ್ಮಲ್ಲಿ ಒಬ್ಬರಿಗಾದ್ರೂ ಹೊಳೀಬೇಕಿಲ್ಲ? ಸತ್ತ ಹುಡುಗ ದೆವ್ವಾಗಿ ಹೊಕ್ಕಾನ ಅಂದ ದೊಡ್ಡಪ್ಪ. ಓಣಿ ಮಂದೀನೂ ಹೌದು ಹೌದು ಅಂದ್ರು. ಹಂಗ ಬಂತು ಆ ಸರಪಳಿ. ಪಡಸಾಲಿ ಕಂಬಕ್ಕ ಒಂದು ತುದಿ, ಅಣ್ಣನ ಪಾದದ ಗಂಟಿಗೆ ಒಂದು ತುದಿ. ಕೀಲಿ ದೊಡ್ಡಪ್ಪನ ಉಡದಾರದಾಗ.

ಆಮ್ಯಾಲ ಆಂಧ್ರದ ಗಡಿ ಕಡಿಂದ ಒಬ್ಬ ದೆವ್ವ ಬಿಡಿಸಾಂವನ್ನ ಕರಸಿದ್ರು. ಮಾತು ಅರ್ಧ ತೆಲುಗು ಅರ್ಧ ಕನ್ನಡ, ಬಾಯಿ ತೆಗದ್ರ ಹೊಗಿಸೊಪ್ಪಿನ ವಾಸನಿ. ಬಂದವನೇ ಅಣ್ಣನ ಅಂಗಿ ಬಿಚ್ಚಿಸಿ, ಬೇವಿನ ಬರಲು ಕಟ್ಟಿ, "ಪೋತಾವಾ ಲೇದಾ? ಹೋಗ್ತಿಯೋ ಇಲ್ಲೋ?" ಅಂತ ಬಾರಿಸಾಕ ಹತ್ತಿದ. ಎಲಿ ಉದುರಿ ಬರೇ ಕಡ್ಡಿ ಉಳದವು, ಬೆನ್ನು ಹರದು ಹೋತು. ಒಣಮೆಣಸಿನಕಾಯಿ ಕೆಂಡದಾಗ ಹಾಕಿ ಮಾರಿಗೆ ಹಿಡದ. ಓಣಿ ತುಂಬ ಮಂದಿ ಕೆಮ್ಮಿದ್ರು, ಆದ್ರೂ ಒಬ್ಬರೂ ಜಾಗ ಬಿಟ್ಟು ಹೋಗಲಿಲ್ಲ, ಅಷ್ಟು ಚಂದ ನೋಟ! ನಾನು ನುಗ್ಗಿ ಕೆಂಡದ ಬೋಗುಣಿ ಒದ್ದೆ. ನನ್ನ ಜಡಿ ಹಿಡದು ಎಳದೊಯ್ದು ದನದ ಕೊಟ್ಟಿಗ್ಯಾಗ ಕೂಡಿಹಾಕಿದ್ರು. ಅಲ್ಲಿಂದನೇ ಎಲ್ಲರ ಹೆಸರು ಹಿಡದು ಬೈದೆ. ಬೈದು ಬೈದು ನನ್ನ ದನಿ ಹೋತು, ಅಣ್ಣನ ಬೆನ್ನಿಗೆ ಏನೂ ಕಮ್ಮಿ ಬೀಳಲಿಲ್ಲ.

ಆ ಗಾಯಕ್ಕ ಅವ್ವ ಅರಿಷಿಣ ಎಣ್ಣಿ ಹಚ್ಚೋ ದಿನದಾಗ ಗಿರಣಿ ಇಂಜಿನ್ ಕೆಟ್ಟಿತು. ಬಳ್ಳಾರಿಯಿಂದ ಮಿಸ್ತ್ರಿ ಬರಬೇಕು, ಸಾಮಾನು ಬರಬೇಕು ಅಂದ್ರು. ಮನ್ಯಾಗ ಹಿಟ್ಟಿಲ್ಲ. ಅಟ್ಟದ ಕೆಳಗ ಧೂಳು ತಿನ್ನಕೋತ ಬಿದ್ದಿದ್ದ ಬೀಸೋ ಕಲ್ಲು ಎಳದು, ತೊಳದು, ಅವ್ವ ಜ್ವಾಳ ಬೀಸಾಕ ಕುಂತ್ಲು. ಅವ್ವನ ತವರು ಹಗರಿ ಹೊಳಿ ಕಡಿ ಸಿರಿಗೇರಿ. ಕಲ್ಲಿನ ಗೂಟಕ್ಕ ಕೈ ಹಾಕಿದ್ರ ಬಾಯಿ ತಾನೇ ಹಾಡಾಕ ಶುರು ಮಾಡತಿತ್ತು ಆ ಕಡಿ ಹೆಣ್ಣುಮಕ್ಕಳಿಗೆ. ದೊಡ್ಡಪ್ಪನ ಮುಂದ ಪಿಟ್ಟನ್ನದ ಹೆಂಗಸು, ಕಲ್ಲಿನ ಮುಂದ ಕುಂತು ತಾನೇ ಕಟ್ಟಿ ಹಾಡಿದ್ಲು:

ಹಗರಿಯ ದಂಡ್ಯಾಗ ಹಸಿಮಳಲ ಮ್ಯಾಲ
ಹೆಜ್ಜಿಟ್ಟು ಯಾಕ ನಿಂತೀಯೋ, ನನ ಕಂದ,
ಹೊತ್ತಾತು ಬಾರೋ ಮನಿತನಕ

ಕಲ್ಲು ಗರ್‌ಗರ್ ಅಂತ ಮೆಲ್ಲಕ ತಿರಗತಿತ್ತು. ಕಂಬಕ್ಕ ಒರಗಿದ್ದ ಅಣ್ಣ ತಲಿ ಎತ್ತಿದ. ಸ್ವಲ್ಪ ಹೊತ್ತಿಗೆ ಅವನ ಮೈ ಅವ್ವನ ಮೈ ತೂಗಿದಂಗ ಹಿಂದ ಮುಂದ ತೂಗಾಕ ಹತ್ತಿತು. ಆಮ್ಯಾಲ ಕೈ ಚಾಚಿದ. ಸರಪಳಿ ಬಿಗೀತು, ಕಲ್ಲು ಸಿಗಲಿಲ್ಲ. "ನೋಡತಿ ಏನು ಹುಡುಗಿ, ಎಳಿ" ಅಂದ್ಲು ಅವ್ವ. ಕಲ್ಲನ್ನೇ ಕಂಬದ ಹತ್ರ ಎಳದೆ, ನನ್ನ ನಡ ಬಿದ್ದು ಹೋತು. ಅಣ್ಣ ಅವ್ವನ ಎದುರಿಗೆ ಕುಂತು ಗೂಟ ಹಿಡದ. ಇಬ್ಬರೂ ಕೂಡಿ ಬೀಸಿದ್ರು. ಅವ್ವ ಹಿಡಿಜ್ವಾಳ ತಗೊಂಡು ಕಲ್ಲಿನ ಬಾಯಿಗೆ ಕೈ ತಂದಾಗೆಲ್ಲ ಅವನು ಕಲ್ಲಿನ ವೇಗ ಇಳಸತಿದ್ದ, ಕೈ ಹಿಂದ ಹೋದಮ್ಯಾಲ ಮತ್ತ ತಿರವತಿದ್ದ. ಹೊಸಬ, ಬೀಸಿ ರೂಢಿ ಇಲ್ಲ, ಅದಕ್ಕ ಹಿಂಗ ಅಂತ ನಾನು ಅಂದುಕೊಂಡೆ. ಬೀಸಿ ಮುಗಿದ ಮ್ಯಾಲ ಅಲ್ಲೇ ಹಿಟ್ಟಿನ ಬಾಜೂಕ ಒರಗಿ ನಿದ್ದಿ ಹೋದ. ಬಳ್ಳಾರಿಯಿಂದ ಬಂದ ಮ್ಯಾಲ ಕಣ್ಣು ಮುಚ್ಚಿ ಮಲಗಿದ್ದು ಅವತ್ತೇ. ಅವ್ವ ಸೆರಗಿಲೆ ಅವನ ಮಾರಿಮ್ಯಾಲಿನ ನೊಣ ಹೊಡಕೋತ ಸಪ್ಪಳಿಲ್ಲದ ಅತ್ಲು.

ದಿನಾ ಬೀಸಿದ್ರು. ನಮ್ಮ ಜ್ವಾಳ ಮುಗದ್ರ ಓಣಿಯವರ ಜ್ವಾಳ. ಸ್ವಲ್ಪ ದಿನಕ್ಕ ಪದದ ಕಡೀ ಮಾತಿಗೆ ಹ್ಞೂಂ ಗುಡಾಕ ಹತ್ತಿದ. ಒಂದಿನ "ಯವ್ವಾ, ಖಾರ ಹೆಚ್ಚಾಗೈತಿ" ಅಂದ. ಅಷ್ಟಕ್ಕೇ ಅವ್ವ ಅವತ್ತು ಹಬ್ಬ ಮಾಡಿದ್ಲು. ದೊಡ್ಡಪ್ಪ ಕೂಡ ಸರಪಳಿ ಬಿಚ್ಚಿದ. ಅಣ್ಣ ಬಸವಣ್ಣನ ಗುಡಿತನಕ ನಡಕೊಂಡು ಹೋಗಿ ಕ್ಷೌರ ಮಾಡಿಸಿಕೊಂಡು ಬಂದ. ಗಂಡಸಾಗಿ ಬೀಸಾಕ ಕುಂತಾನ, ಸೀರಿ ಉಡಸ್ರಿ ಅಂತ ಕಟ್ಟಿಮ್ಯಾಲ ಕುಂತು ಹಲ್ಲುಕಿಸಿದ ಒಬ್ಬನ ತಲಿಮ್ಯಾಲ ಸಗಣಿ ನೀರು ಸುರುವಿದೆ. ಮುಂದ ಎಷ್ಟೋ ವರ್ಷಕ್ಕ ಬಳ್ಳಾರಿಯ ಒಬ್ಬ ಡಾಕ್ಟ್ರಿಗೆ ಇದನ್ನೆಲ್ಲ ಹೇಳಿದಾಗ, "ಗುಳಿಗಿನೂ ತಗೊಳ್ಳಲಿ, ಬೀಸೋದೂ ಹಾಡೋದೂ ಬಿಡೋದು ಬ್ಯಾಡ, ಮನಸಿಗೆ ಅದೂ ಔಷಧನೇ" ಅಂದ್ರು. ಆದ್ರ ಆ ಹೊತ್ತಿನ್ಯಾಗ ಹಂಗ ಹೇಳೋರು ನಮ್ಮ ಓಣಿಯಾಗ ಯಾರಿದ್ರು?

ಯಾರೂ ಇದ್ದಿಲ್ಲ, ಅದಕ್ಕೇ ಆ ಅನಾಹುತ ಆತು. ಅಣ್ಣ ಸುಧಾರಿಸಿದ ಸುದ್ದಿ ಕೇಳಿ ದೆವ್ವ ಬಿಡಿಸಾಂವ ತಿರುಗಿ ಬಂದ. ಕಲ್ಲಿನ ಸುತ್ತ ಮೂಸಿಕೋತ ತಿರುಗಿ, "ಅಮ್ಮ ಬಂದು ಕುಂತಾಳ ಈ ಕಲ್ಲಿನ್ಯಾಗ, ಅಕಿಗೆ ಹೆದರಿ ದೆವ್ವ ಓಡೈತಿ" ಅಂದ. ದೊಡ್ಡಪ್ಪ ಅಲ್ಲೇ ಅಡ್ಡಬಿದ್ದ. ನೋಡನೋಡತಿದ್ದಂಗ ಕಲ್ಲಿಗೆ ಅರಿಷಿಣ, ಕುಂಕುಮ, ಬೆಳ್ಳಿ ಕಣ್ಣು, ಚೆಂಡುಹೂವಿನ ಹಾರ. ಗೂಟ ಕಿತ್ತು ಹಳದಿ ಬಟ್ಟಿ ಸುತ್ತಿ ಗೋಡಿ ಮಾಡದಾಗ ಇಟ್ರು. ಸಿರುಗುಪ್ಪ ಬಸ್ಸಿಳದು ಹೆಂಗಸರು ಉಡಿ ತುಂಬಾಕ ಬಂದ್ರು. "ಭಾವಾರ, ಅವನಿಗೆ ಬೀಸಾಕ ಕಲ್ಲು ಬೇಕ್ರಿ" ಅಂದ್ಲು ಅವ್ವ, ಬಾಗಲ ಹಿಂದ ನಿಂತು. "ಹುಚ್ಚಿದ್ದಿಯೇನು? ದೇವ್ರನ್ನ ಗರಗರ ತಿರವತಾರೇನು?" ಅಂದ ದೊಡ್ಡಪ್ಪ. ಎಂಥ ತಲಿ ನೋಡ್ರಿ! ವಾಸಿ ಮಾಡಿದ್ದು ಕಲ್ಲು ಅಂತ ಗೊತ್ತಾತು, ಅದು ತಿರುಗಿದ್ದಕ್ಕ ವಾಸಿ ಆತು ಅಂತ ಗೊತ್ತಾಗಲಿಲ್ಲ. ಅಣ್ಣ ಬಂದು ಕಲ್ಲಿನ ಮುಂದ ಕೂಡತಿದ್ದ. ಮುಟ್ಟಾಕ ಹೋದ್ರ "ಸ್ನಾನ ಆಗೇತೇನಲೇ, ಮೈಲಿಗಿ, ದೂರ ಸರಿ" ಅಂತ ತಳ್ಳತಿದ್ರು.

ಅಷ್ಟರಾಗ ಮಿಸ್ತ್ರಿ ಬಂದು ಇಂಜಿನ್ ರಿಪೇರಿ ಮಾಡಿದ. ಗಿರಣಿ ಮತ್ತ ಶುರು ಆದ ಮುಂಜಾನಿ ದೊಡ್ಡಪ್ಪ ಕಲ್ಲಿನ ಮುಂದ ಕಾಯಿ ಒಡೀತಿದ್ದ. ಅಣ್ಣ ಕೋಣ್ಯಾಗಿಂದ ಹಾರಿ ಬಂದು ಅವನ ಕೈಯಾಗಿನ ಕಾಯಿ ಕಿತ್ತು ಅವನ ಹಣಿಗೇ ಬಡದ. ಹಣಿ ಒಡದು ರಕ್ತ ಕಣ್ಣಿಗಿಳೀತು. ಉಡಿ ತುಂಬಾಕ ಬಂದ ಹೆಂಗಸರು ಚೀರಿಕೋತ ಓಡಿದ್ರು. ಗಂಡಸರು ಬಡಗಿ ತಗೊಂಡು ಬಂದು ಅಣ್ಣನ್ನ ಕೆಳಗ ಕೆಡವಿ ತುಳದ್ರು. ಅವನ ಹಲ್ಲೊಂದು ಮುರದು ನನ್ನ ಕಾಲ ಹತ್ರ ಬಂದು ಬಿತ್ತು. ಸರಪಳಿ ಮತ್ತ ಬಂತು. ದೆವ್ವ ಬಿಡಿಸಾಂವ ಹೇಳಿದ: "ರೇಪು ಪೊದ್ದುನ, ನಾಳಿ ಮುಂಜಾನಿ, ನೆತ್ತಿಮ್ಯಾಲ ಬರಿ ಹಾಕಬೇಕು. ಕಾಸಿದ ಕುಡಗೋಲಿನ ಬರಿ. ಅದಕ್ಕೂ ಹೋಗಲಿಲ್ಲಂದ್ರ ಇವನ ಆಸೆ ಬಿಡ್ರಿ." ದೊಡ್ಡಪ್ಪ ಹಣಿಗೆ ಬಟ್ಟಿ ಕಟ್ಟಿಕೊಂಡು ಹ್ಞೂಂ ಅಂದ.

ಮರುದಿನ ಮುಂಜಾನಿ ಅಂಗಳದಾಗ ಕುಳ್ಳಿನ ಬೆಂಕಿ, ಬೆಂಕ್ಯಾಗ ಕುಡಗೋಲು, ಸುತ್ತ ಮಂದಿ. ಗಿರಣಿ ಸಪ್ಪಳ ಬ್ಯಾರೆ. ಅಣ್ಣ ಕಂಬಕ್ಕ ಹಣಿ ಬಡಕೊಳ್ಳತಿದ್ದ. ಕುಡಗೋಲು ಕೆಂಪಗಾತು. ದೆವ್ವ ಬಿಡಿಸಾಂವ ಅದರ ಹಿಡಿಗೆ ಹಸಿ ಬಟ್ಟಿ ಸುತ್ತಿ ಎತ್ತಿದ. ನಾನು ಮಾಡದಾಗಿನ ಗೂಟ ಕಿತಗೊಂಡು ಬಂದು, ಹಳದಿ ಬಟ್ಟಿ ಸಮೇತ, ಅವನ ಮುಂಗೈಮ್ಯಾಲ ಬಾರಿಸಿದೆ. ಕುಡಗೋಲು ಅವನ ಪಾದದ ಮ್ಯಾಲೇ ಬಿತ್ತು. ಎಷ್ಟು ಒದರಿದ ಅಂತೀರಿ! "ಹೋಗ್ತಿಯೋ ಇಲ್ಲೋ ಲೇ? ಈಗ ಗೊತ್ತಾತೇನು ಸುಟ್ರ ಹೆಂಗಿರತೈತಂತ?" ಅಂತ ಇನ್ನೊಂದು ಹಾಕಿದೆ. ದೊಡ್ಡಪ್ಪ ನನ್ನ ಕಪಾಳಕ್ಕ ಹೊಡದ ಹೊಡತಕ್ಕ ಕಣ್ಣು ಕತ್ತಲು ಬಂದು ಕೆಳಗ ಬಿದ್ದೆ. ಗೂಟ ಉರುಳಿಹೋತು.

ಆ ಗೂಟ ಎತ್ತಿಕೊಂಡಾಕಿ ನಮ್ಮವ್ವ. ಸೆರಗು ಬಾಯಿಗಿರಲಿಲ್ಲ, ಸೊಂಟಕ್ಕ ಸಿಗಸಿದ್ಲು. ಸೀದಾ ಕಲ್ಲಿನ ಹತ್ರ ಹೋಗಿ ಹಾರ ಕಿತ್ತು ಒಗದ್ಲು, ಬೆಳ್ಳಿ ಕಣ್ಣು ಕಿತ್ತು ಒಗದ್ಲು, ಹಳದಿ ಬಟ್ಟಿ ಬಿಚ್ಚಿ ಗೂಟ ಜಡದ್ಲು. "ದೇವ್ರಿಗೆ ಸಿಟ್ಟು ಬರತೈತಂದ್ರ ನನಗ ಏನರ ಮಾಡಲಿ. ನನ್ನ ಮಗನ ನೆತ್ತಿ ಯಾರರ ಮುಟ್ರಿ, ನೋಡತೀನಿ" ಅಂದ್ಲು. ಅಕಿ ದನಿ ಅಷ್ಟು ಜೋರೈತಿ ಅಂತ ನನಗ ಅವತ್ತೇ ಗೊತ್ತಾಗಿದ್ದು. ಕಲ್ಲನ್ನ ಕಂಬದತ್ರ ಎಳಕೊಂಡು ಹೋಗಿ, ಅಣ್ಣನ ಕೈ ಹಿಡದು ಗೂಟದ ಮ್ಯಾಲಿಟ್ಲು. ಕುಂಕುಮದ ಮ್ಯಾಲೇ ಜ್ವಾಳ ಸುರದು ಹಾಡಾಕ ಶುರು ಮಾಡಿದ್ಲು.

ಅಣ್ಣ ಮೊದಲು ಹುಚ್ಚು ರಭಸದಿಂದ ತಿರವಿದ. ಜ್ವಾಳ ಸಿಡೀತು. ಅವ್ವ ಹಾಡು ಬಿಡಲಿಲ್ಲ, ಗೂಟಾನೂ ಬಿಡಲಿಲ್ಲ. ಹೆಜ್ಜಿಟ್ಟು ಯಾಕ ನಿಂತೀಯೋ, ಹೊತ್ತಾತು ಬಾರೋ. ಹಾಡಿನ ನಡಿಗಿಗೆ ಕಲ್ಲು ಇಳೀತು, ಕಲ್ಲಿನ ನಡಿಗಿಗೆ ಅವನ ಉಸಿರು ಇಳೀತು. ಕೆಂಪು ಹಿಟ್ಟು ಬಿತ್ತು. ಮಂದಿ ನಿಂತಲ್ಲೇ ನಿಂತಿತ್ತು. ದೊಡ್ಡಪ್ಪ ಬಂದು ಅವರ ಬಾಜೂಕ ಕುಕ್ಕರುಗಾಲಿನ್ಯಾಗ ಕುಂತ. ಹಣಿಮ್ಯಾಲಿನ ಬಟ್ಟಿ ಸರಿದು ಮತ್ತ ರಕ್ತ ಬರತಿತ್ತು. "ಲೇ ತಮ್ಮಾ, ಖರೇ ಹೇಳು, ಈ ಕಲ್ಲಿನ್ಯಾಗ ಏನೈತಿ?" ಅಂದ. ಬೈದು ಕೇಳಿದ್ದಲ್ಲ ಅದು, ಅಂಜಿ ಕೇಳಿದ್ದು.

ಅವ್ವ ಆಗ ಹಿಡಿಜ್ವಾಳ ತಗೊಂಡು ಕಲ್ಲಿನ ಬಾಯಿಗೆ ಕೈ ತಂದಿದ್ಲು. ಅಣ್ಣ ಎರಡೂ ಕೈಲೆ ಗೂಟ ಹಿಡದು ಕಲ್ಲು ನಿಲ್ಲಿಸಿದ. ಅವ್ವನ ಬೆರಳು ನೋಡಕೋತ ಕುಂತ, ಒಂದೊಂದೇ. ಅವ್ವ ಕೈ ತಗೀಲಿಲ್ಲ.

"ಏನಿಲ್ಲ ದೊಡ್ಡಪ್ಪ" ಅಂದ. ಮುರದ ಹಲ್ಲಿನ ಸಂದ್ಯಾಗ ಮಾತು ತೊದಲತಿತ್ತು. "ಇದು ನಾ ನಿಲ್ಲು ಅಂದ್ರ ನಿಂದರತೈತಿ."

ದೊಡ್ಡಪ್ಪ ಉಡದಾರದಾಗಿನ ಕೀಲಿ ಬಿಚ್ಚಾಕ ಹೋದ. ಗಂಟು ಬಿಗದು ಕುಂತಿತ್ತು, ಬಿಚ್ಚಾಕ ಬರಲಿಲ್ಲ. ನಾನೇ ಹೋಗಿ ಹಲ್ಲಿಲೆ ಕಚ್ಚಿ ಬಿಚ್ಚಿದೆ.