ಅಕ್ಕಿ ಇಟ್ಟ ಆಟದ ಮನೆ

ಮೊನ್ನೆ ಸತ್ಯಮಂಗಲದ ಸೈಟೊಂದರಲ್ಲಿ ಮೇಸ್ತ್ರಿ ಪಾಯಕ್ಕೆ ಗುರುತು ಹಾಕಲು ಸುಣ್ಣದ ಪುಡಿಯ ಚೀಲ ಬಿಚ್ಚಿದ. ಘಾಟು ಮೂಗಿಗೆ ಬಡಿದಿದ್ದೇ ತಡ, ಕೈಲಿದ್ದ ನಕ್ಷೆ ಮಡಿಸಿ ದೂರ ಹೋಗಿ ನಿಂತುಬಿಟ್ಟೆ. "ಏನಮ್ಮಾ, ಧೂಳಾಯ್ತಾ?" ಅಂದ. ಹೂಂ ಅಂದೆ. ಧೂಳಲ್ಲ... ನಮ್ಮ ಪಿ.ಟಿ. ಮೇಷ್ಟ್ರು ನೆನಪಾಗಿದ್ದರು.

ತಾಳವಾಡಿ ಬೆಟ್ಟದ ನಮ್ಮೂರ ಶಾಲೆಯಲ್ಲಿ ನನಗೆ ಕಬಡ್ಡಿ ಕಲಿಸಿದವರು ಅವರು. ಮೈದಾನ ಕಾಡಿಗೆ ಅಂಟಿಕೊಂಡೇ ಇತ್ತು. ನಾಲ್ಕು ಗಂಟೆ ಆಯಿತೆಂದರೆ ಆನೆ ಭಯ, ಹೆಣ್ಣುಮಕ್ಕಳನ್ನು ಮನೆಗೆ ಅಟ್ಟಬೇಕು. ಇನ್ನು ಈರೋಡಿಗೆ ಪಂದ್ಯಕ್ಕೆ ಹೋದರೆ ಅಲ್ಲಿ ಸೂರಿನಡಿ, ಮ್ಯಾಟ್ ಮೇಲೆ ಆಟ. ಮಣ್ಣಿನಲ್ಲಿ ಆಡಿದ ಕಾಲು ಅಲ್ಲಿ ಜಾರಿ ಜಾರಿ ಬಿದ್ದು, ನಗೆಪಾಟಲಾಗಿ ಬರುತ್ತಿದ್ದೆವು. ನಮ್ಮ ಹುಡುಗಿಯರಿಗೂ ಒಂದು ಒಳಾಂಗಣ ಬೇಕು ಅಂತ ಅವರು ಸರ್ವೀಸಿಡೀ ಅರ್ಜಿ ಕೊಟ್ಟುಕೊಂಡೇ ಇದ್ದರು.

ಕೊನೆಗೆ ಮಂಜೂರಾಯಿತು. ಡಿಪ್ಲೊಮಾ ಮುಗಿಸಿ ಕಂಟ್ರಾಕ್ಟರ ಹತ್ತಿರ ನಕ್ಷೆ ಬರೆಯುತ್ತಿದ್ದ ನನಗೇ ಆ ಕೆಲಸ ಬಂತು. ಅಳತೆಗೆ ಹೋದ ದಿನ ಮೇಷ್ಟ್ರು ನನ್ನನ್ನು ಕೂರಲೂ ಬಿಡಲಿಲ್ಲ. "ಕಾಗ್ದ ಎತ್ತಿಡವ್ವ. ಮೊದ್ಲು ನೆಲದ ಮ್ಯಾಲೆ ಬರೀವ" ಅಂದು ಸುಣ್ಣದ ಪುಡಿ ಹಿಡಿದು ಹೊರಟರು. ಕಬಡ್ಡಿ, ವಾಲಿಬಾಲ್, ಶಟಲ್, ಮೂರರ ಗೆರೆಗಳೂ ಒಂದೇ ನೆಲದಲ್ಲಿ, ಒಂದರ ಮೇಲೊಂದು. ಕಂಬ ಬರಬೇಕಾದ ಕಡೆಯಲ್ಲೆಲ್ಲ ಒಬ್ಬೊಬ್ಬ ಹುಡುಗಿಯನ್ನು ನಿಲ್ಲಿಸಿದರು. "ನೀನು ಕಂಬ ಕಣವ್ವ, ಅಲ್ಲಾಡ್ಬ್ಯಾಡ." ಉಳಿದವರನ್ನು ನಡುವೆ ಆಡಲು ಬಿಟ್ಟರು. ಆಡುವವರು ಯಾವ ಕಂಬಕ್ಕೆ ಡಿಕ್ಕಿ ಹೊಡೆದರೋ ಆ ಕಂಬ ಎರಡು ಹೆಜ್ಜೆ ಆಚೆ ಸರಿಯಿತು. ಬಿದಿರಿನ ಗಳ ನೆಟ್ಟು, ಚೆಂಡು ಎಷ್ಟು ಎತ್ತರ ಹಾರುತ್ತದೆ ಅಂತ ನೋಡಿ ಸೂರಿನ ಎತ್ತರ ಹೇಳಿದರು. ಅಯ್ಯೋ, ಆವತ್ತು ಎಷ್ಟು ನಕ್ಕಿದ್ದೆವು! ಆಮೇಲೆ ಎಂಥೆಂಥ ಇಂಜಿನಿಯರುಗಳನ್ನು ನೋಡಿದೆ, ಹಾಗೆ ಕಟ್ಟಡ ಯೋಚಿಸಿದವರನ್ನು ನೋಡಲಿಲ್ಲ.

ನಕ್ಷೆ ಹಾಳುಮಾಡಿದವಳು ನಾನು. ಬರೀ ಆಟಕ್ಕೇಕೆ ಇಷ್ಟು ದೊಡ್ಡ ಕಟ್ಟಡ, ರೇಷನ್ ಅಕ್ಕಿಗೂ ಒಂದು ಕೋಣೆ ಇರಲಿ ಅಂತ ಮೇಲಿನವರು ಅಂದರು. ನಾನು ತಕ್ಷಣ ಕಾಡಿನ ಕಡೆ ಒಂದು ಕೋಣೆ ಗೀಚಿದೆ. ಖರ್ಚು ಉಳಿಯಲಿ ಅಂತ ಅಂಗಣಕ್ಕೂ ಕೋಣೆಗೂ ಒಂದೇ ಗೋಡೆ ಹಾಕಿ, ಸೂರಿನ ಕಬ್ಬಿಣದ ತೊಲೆಗಳನ್ನು ಅದರ ಮೇಲೆಯೇ ಕೂರಿಸಿದೆ. ಏನು ಜಾಣತನ ನನ್ನದು!

ಮೇಷ್ಟ್ರು ನೋಡಿದವರೇ ತಲೆ ಅಲ್ಲಾಡಿಸಿದರು. "ಅಕ್ಕಿ ಬ್ಯಾಡ ಕಣವ್ವ. ಆನೆ ಮೂಗಿಗೆ ಮೈಲಿ ದೂರದಿಂದ್ಲೇ ಗೊತ್ತಾಯ್ತದೆ."

"ಕೋಣೆ ಇಲ್ದಿದ್ರೆ ಕಟ್ಟಡನೇ ಇಲ್ಲ ಸಾ. ಆಮೇಕೆ ಖಾಲಿ ಮಾಡ್ಸುದ್ರಾಯ್ತು ಬುಡಿ" ಅಂದೆ. ಆ ಬೆಟ್ಟದಲ್ಲಿ ಹುಟ್ಟಿದವಳ ಬಾಯಲ್ಲಿ ಬರುವ ಮಾತಾ ಅದು? ಅವರು ನಕ್ಷೆ ಮಡಿಸಿ ನನ್ನ ಕೈಗಿಟ್ಟರು. ಒಪ್ಪಿದರು ಅಂದುಕೊಂಡೆ.

ಹುಡುಗಿಯರು ಅಲ್ಲಿ ಆಡಿದ್ದು ಒಂದು ತಿಂಗಳೂ ಇಲ್ಲ. ಒಂದು ಬೆಳಿಗ್ಗೆ ಫೋನ್ ಬಂತು. ಓಡಿದೆ. ಒಂಟಿ ಸಲಗ ಕೋಣೆಯ ಗೋಡೆಗಳನ್ನು ಕೆಡವಿ ಅಕ್ಕಿ ತಿಂದು ಹೋಗಿತ್ತು. ನಡುಗೋಡೆಯ ಜೊತೆ ತೊಲೆಗಳು ಇಳಿದು, ಸೂರು ಅಂಗಣದ ಮೇಲೆ ಮಗುಚಿತ್ತು. ಮೇಷ್ಟ್ರು ಚೆಲ್ಲಿದ ಅಕ್ಕಿಯಲ್ಲಿ ಬರಿಗಾಲಲ್ಲಿ ನಿಂತಿದ್ದರು. ಬಯ್ಯಲಿಲ್ಲ. "ಮಕ್ಳು ಒಳಗಿರ್ನಿಲ್ವಲ್ಲ, ಅಷ್ಟು ಸಾಕು ಕಣವ್ವ" ಅಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆನೋ ಏನೋ...

ವಿಚಾರಣೆಗೆ ಬಂದವರು ಕೋಣೆಯನ್ನು ಕಾಡಿನ ಕಡೆ, ಅಂಗಣದ ಗೋಡೆಗೇ ಅಂಟಿಸಿ ಯಾರು ಹಾಕಿಸಿದ್ದು ಅಂತ ಕೇಳಿದರು. ಮೇಷ್ಟ್ರು ಮುಂದೆ ಬಂದರು. "ನಾನೇ ಸಾ. ಈ ಮಗು ಬ್ಯಾಡ ಅಂದ್ಲು, ನಾನೇ ಹಟ ಮಾಡಿ ಬರೆಸ್ದೆ" ಅಂದರು. ನಾನು ನೆಲ ನೋಡುತ್ತಾ ನಿಂತಿದ್ದೆ. ನನ್ನ ಕೆಲಸ ಉಳಿಯಿತು. ಊರವರು ಅವರನ್ನು ಆನೆ ಮೇಷ್ಟ್ರು ಅಂತ ಆಡಿಕೊಳ್ಳತೊಡಗಿದರು. ಕಟ್ಟಡಕ್ಕೆ ಬೀಗ ಬಿತ್ತು. ನಾಲ್ಕಕ್ಕೆ ಗಂಟೆ ಹೊಡೆದರೆ ಹುಡುಗಿಯರು ಮತ್ತೆ ಮೊದಲಿನ ಹಾಗೇ ಮನೆಗೆ. ರಿಟೈರಾದ ಮೇಲೆ ಅವರು ಮೈದಾನದ ಕಡೆ ತಲೆ ಹಾಕಲಿಲ್ಲವಂತೆ. ಹೋಗಿ ನೋಡಬೇಕು, ಕಾಲು ಹಿಡಿಯಬೇಕು ಅಂದುಕೊಳ್ಳುತ್ತಲೇ ಇದ್ದೆ. ಹೋದದ್ದು ಅವರ ಮಣ್ಣಿಗೆ.

ಸುಣ್ಣದ ಘಾಟು ತಡೆಯಲಾರದೆ ನಿನ್ನೆ ಬಸ್ಸು ಹತ್ತಿ ಊರಿಗೆ ಹೋಗಿದ್ದೆ. ಬಿದ್ದ ಸೂರಿನ ಮೇಲೆ ಲಂಟಾನ ಬೆಳೆದಿದೆ. ಎದುರಿನ ಟೀ ಅಂಗಡಿಯ ಹೆಂಗಸು ನನ್ನ ಗುರುತು ಸಿಗದೆ, ತಾನಾಗೇ ಕಥೆ ಹೇಳಿದಳು. "ಯಾರೋ ತಲೆಕೆಟ್ಟ ಮೇಷ್ಟ್ರು ಕಣಕ್ಕ, ಆಟದ ಮನೇಲಿ ಆನೆಗೆ ಅಕ್ಕಿ ಇಟ್ಟಿದ್ನಂತೆ!"

ಈಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ.

"ಸಕ್ಕರೆ ಸ್ವಲ್ಪ ಕಮ್ಮಿ" ಅಂದೆ. ಟೀ ಕುಡಿದು ಎದ್ದು ಬಂದೆ.