ಸುಣ್ಣದ ಗೋಡೆಯ ಮೇಲೆ ಮೂರು ಬೆರಳು

ಆ ಚರ್ಚಿನ ಗೋಡೆಯ ಮೇಲೆ ಮೂಡಿದ ಕೆಂಪು ಕೈ ಯಾವ ಸಂತನದೂ ಅಲ್ಲ. ಅದು ನನ್ನ ಅತ್ತೆಯದು. ಮೊದಲ ಕ್ಷಣದಿಂದಲೂ ನನಗೆ ಇದು ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ. ನಾನು ಸುಮ್ಮನಿದ್ದುದರಿಂದ ಗ್ವೆನ್ ಎಂಬ ಹಿರಿಯ ಹೆಂಗಸು ತಮ್ಮ ಊರಿನವರ ಕಣ್ಣಲ್ಲಿ ಮೋಸಗಾರ್ತಿಯಾದರು.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇಂಗ್ಲಿಷಿನಲ್ಲಿ ‘ಸಾರಿ’ ಎನ್ನುವುದು ನನಗೆ ತೀರ ಸಲೀಸು. ಆಫೀಸಿನಲ್ಲಿ ಯೋಚಿಸದೆಯೇ ಅನ್ನುತ್ತಿರುತ್ತೇನೆ. ಅಲ್ಲದೆ, ನೀವು ಆ ಗೋಡೆಯನ್ನು ನೋಡಿದ್ದರೆ ತಕ್ಷಣ ಗುರುತು ಹಿಡಿಯುತ್ತಿದ್ದಿರಿ. ಆರತಿ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಹಳ್ಳಿಯಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ತಿಳಿದಿದ್ದ ನಾನು —

ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯಬೇಕು, ಊಹೆ ಬೆರೆಸಬಾರದು. ಇದನ್ನೂ ಹಾಗೆಯೇ ಬರೆಯಲು ನೋಡುತ್ತೇನೆ.

ನಾವಿರುವುದು ಡಬ್ಲಿನ್‌ನಲ್ಲಿ — ಐರ್ಲೆಂಡಿನದಲ್ಲ, ಕ್ಯಾಲಿಫೋರ್ನಿಯಾದ್ದು. ಇಲ್ಲಿ ಎಲ್ಲವೂ ಹೊಸದು. ನಮ್ಮ ಬೀದಿಯಲ್ಲಿ ಅತ್ಯಂತ ಹಳೆಯದೆಂದರೆ ತಾವೇ ಎಂದು ನಮ್ಮತ್ತೆ ನಗುತ್ತಾರೆ. ಹುಬ್ಬಳ್ಳಿಯವರು; ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದಾರೆ. ಅವರ ಬಲಗೈಯ ಕೊನೆಯ ಎರಡು ಬೆರಳುಗಳು ಒಳಕ್ಕೆ ಮಡಚಿಕೊಂಡಿವೆ. ಎಳೆವಯಸ್ಸಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿದ್ದು, ಮತ್ತೆ ನೆಟ್ಟಗಾಗಲಿಲ್ಲ. ರೊಟ್ಟಿ ತಟ್ಟುವುದು, ಹೂ ಕಟ್ಟುವುದು, ಎಲ್ಲ ಮೂರೇ ಬೆರಳಿನಲ್ಲಿ. ಈ ಮೂರು ಬೆರಳನ್ನು ದಯವಿಟ್ಟು ನೆನಪಿಡಿ.

ಕೆಲವು ವರ್ಷಗಳ ಹಿಂದೆ ನನ್ನ ಗಂಡ ಮಹೇಶನಿಗೆ ಇಂಗ್ಲೆಂಡಿನಲ್ಲಿ ಆಫೀಸಿನ ಕೆಲಸ ಬಿತ್ತು. ಅತ್ತೆಯೂ ನಾನೂ ಜೊತೆಗೆ ಹೊರಟೆವು. ಕೆಲಸ ಮುಗಿದ ಮೇಲೆ ಒಂದು ವಾರ ವೇಲ್ಸ್‌ನ ಪೆಂಬ್ರೋಕ್‌ಶೈರ್ — ಅದು ನನ್ನ ಹಟ. ಹಾಸನದಲ್ಲಿ ಬೆಳೆದವಳು ನಾನು. ಮಂಜರಾಬಾದಿನ ಕೋಟೆಯ ಗೋಡೆ ಹತ್ತಿ ಬೈಸಿಕೊಂಡ ದಿನದಿಂದಲೂ ಕೋಟೆ ಎಂದರೆ ನನಗೆ ಹುಚ್ಚು. ಅಲ್ಲಿ ಬೇಲಿಗೊಂದು ಕೋಟೆ! ಸಮುದ್ರದ ನೀರು ಗೋಡೆಯ ಬುಡಕ್ಕೆ ಬಂದು ಬಡಿಯುವ ಕೋಟೆ, ಗೋಪುರದೊಳಗೆ ಕಾಗೆ ಗೂಡು ಕಟ್ಟಿದ ಕೋಟೆ, ಹೊಲದ ನಡುವೆ ಕುರಿಗಳೇ ಕಾವಲಿರುವ ಚರ್ಚು, ಇನ್ನೂ ಒಲೆ ಉರಿಯುವ ಹಳೇ ಕಾಲದ ಜಮೀನುದಾರರ ಮನೆ. ನನಗೆ ತಿನ್ನಲೂ ಪುರಸೊತ್ತಿರಲಿಲ್ಲ. “ಸುಮಾ, ಇವೆಲ್ಲಾ ಎಂಟುನೂರು ವರ್ಷದಿಂದ ಇಲ್ಲೇ ಇದಾವೆ, ಎಲ್ಲೂ ಓಡಿಹೋಗಲ್ಲ” ಎಂದು ಮಹೇಶ ರೇಗಿಸುತ್ತಿದ್ದ. ಕೊನೆಯ ಮಧ್ಯಾಹ್ನ, ಒಂದು ದೊಡ್ಡ ಕೋಟೆಗೆ ಹೋಗುವ ದಾರಿಯಲ್ಲಿ, ತಿರುವಿನಲ್ಲಿ ಆ ಚರ್ಚು ಕಂಡಿತು — ಚಿಕ್ಕದು, ಹಾಲಿನಂತೆ ಬೆಳ್ಳಗೆ. ನಿಲ್ಲಿಸು ಎಂದವಳು ನಾನೇ.

ಬಾಗಿಲು ತೆರೆದವರು ಗ್ವೆನ್. ಎಪ್ಪತ್ತು ದಾಟಿರಬೇಕು. ಅಂಗೈಗಿಂತ ಉದ್ದದ ಕಬ್ಬಿಣದ ಕೀಲಿಕೈ, ಉಗುರಿನ ಸಂದಿಯಲ್ಲಿ ಸುಣ್ಣ. ಡಬ್ಲಿನ್‌ನಿಂದ ಬಂದೆವು ಎಂದಾಗ, “ಹಾಗಾದರೆ ನೆರೆಮನೆಯವರೇ ಆದಿರಿ” ಎಂದು ಕಡಲಿನಾಚೆಯ ಐರ್ಲೆಂಡಿನ ಕಡೆ ಕೈ ತೋರಿಸಿದರು. ಅಲ್ಲ ಎಂದು ತಿಳಿದು ಹೊಟ್ಟೆ ಹಿಡಿದು ನಕ್ಕರು. ಹಿಂದಿನ ದಿನವಷ್ಟೇ ಊರಿನ ಒಂದಿಬ್ಬರನ್ನು ಸೇರಿಸಿಕೊಂಡು ಒಳಗೋಡೆಗೆ ತಾವೇ ಸುಣ್ಣ ಹೊಡೆದಿದ್ದರಂತೆ. ಇನ್ನೂ ಹಸಿ ಇದೆ, ಮುಟ್ಟಬೇಡಿ ಎಂದರು. ಪ್ರಾರ್ಥನೆಗೆ ಬರುವವರು ಕಡಿಮೆಯಾಗಿ ಚರ್ಚನ್ನೇ ಮುಚ್ಚುವ ಮಾತು ನಡೆದಿದೆ, ಮುಚ್ಚುವುದಾದರೂ ಕೊಳಕಾಗಿ ಮುಚ್ಚಬಾರದಲ್ಲ, ಎಂದರು. ಆಮೇಲೆ ಹೊರಗೆ ಸಮಾಧಿಗಳ ನಡುವೆ ಹುಲ್ಲು ಕೀಳಲು ಹೋದರು.

ಅತ್ತೆ ಒಳಗೆ ಕಾಲಿಟ್ಟು ಉಸಿರೆಳೆದುಕೊಂಡರು. “ಸುಣ್ಣದ ವಾಸನಿ! ದೀಪಾವಳಿ ಬಂದಂಗ ಆತು ನೋಡು.” ನಂತರ ಹೊಸ್ತಿಲು ನೋಡಿದರು. ಕಪ್ಪು ಕಲ್ಲಿನದು, ಕಾಲುಗಳು ಸವೆಸಿ ನಡುವೆ ತಗ್ಗಾಗಿತ್ತು.

“ದೇವರ ಮನಿ ಹೊಸ್ತಿಲಾ ಹಿಂಗ ಬೋಳ ಇರಬಾರದವಾ. ಅದೂ ಮುಚ್ಚಾಕ ಬಂದ ಗುಡಿ. ಆಕಿನ್ನ ಕೇಳು, ಒಂದೀಟು ಅರಿಶಿಣ ಹಚ್ಚಲೇನು ಅಂತ.”

ಅವರ ಕೈಚೀಲದಲ್ಲಿ ಅರಿಶಿನದ ಡಬ್ಬಿ ಸದಾ ಇರುತ್ತದೆ. ಹೋಟೆಲ್ ರೂಮಿಗೂ ಮೊದಲು ಹೊಸ್ತಿಲ ಪೂಜೆ, ಆಮೇಲೆ ಸೂಟ್‌ಕೇಸು. ನಾನು ಬಾಗಿಲಾಚೆ ಹೋದೆ. ಗ್ವೆನ್ ಬೆನ್ನು ಮಾಡಿ ಕೂತಿದ್ದರು. ಮಾತಿಗೆ ಶುರುವಾದರೆ ನಿಲ್ಲಿಸುವವರಲ್ಲ ಎಂದು ಆಗಲೇ ತಿಳಿದಿತ್ತು. ರಸ್ತೆಯಿಂದ ಮಹೇಶ ಕೂಗಿದ: “ಬೇಗ ಬನ್ನಿ, ಕೋಟೆ ಬಾಗಿಲು ಹಾಕಿಬಿಡ್ತಾರೆ!” ನನ್ನ ತಲೆಯ ತುಂಬ ಆ ಕೋಟೆ. ಅಲ್ಲಿಂದಲೇ ಹಿಂದಿರುಗಿ ಅತ್ತೆಗೆ ಹೇಳಿದೆ —

“ಕೇಳಿದೆ. ಹೂಂ ಅಂದ್ರು.”

ಎಷ್ಟು ಚಿಕ್ಕ ಮಾತು. ಅತ್ತೆಯ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಬಾಟಲಿಯ ನೀರಿನಲ್ಲಿ ಅರಿಶಿನ ಕಲಸಿ ಹೊಸ್ತಿಲಿಗೆ ತೆಳ್ಳಗೆ ಹಚ್ಚಿದರು, ಕುಂಕುಮ ಇಟ್ಟರು, ಕೈ ಮುಗಿದರು. ಏಳುವಾಗ ಮೊಣಕಾಲು ಹಿಡಿಯಿತು. ಆಸರೆಗೆಂದು ಬಲಗೈಯನ್ನು ಗೋಡೆಗೆ ಊರಿದರು. ಕೈ ತೆಗೆದಾಗ ಅಲ್ಲಿ ಹಳದಿ ಗುರುತು — ನೋಡುತ್ತಿದ್ದಂತೆಯೇ ಕೆಂಪಾಯಿತು. ಹಸಿ ಸುಣ್ಣ. ಅಗಲವಾದ ಅಂಗೈ, ಮೇಲಕ್ಕೆತ್ತಿದ ಮೂರು ಬೆರಳು. “ಅಯ್ಯ, ಒರಸು ಒರಸು” ಎಂದರು ಅತ್ತೆ. ಟಿಶ್ಯೂ ತಾಗಿಸಿದೆ, ಅಂಚು ಇನ್ನಷ್ಟು ಹರಡಿತು. ಹೊಸ್ತಿಲನ್ನು ಚೆನ್ನಾಗಿ ಒರೆಸಿದೆ — ಕಲ್ಲು, ಬಣ್ಣ ಹಿಡಿಯಲಿಲ್ಲ. ಬಳಿಕ ಪಕ್ಕದಲ್ಲಿದ್ದ ಪೋಸ್ಟ್‌ಕಾರ್ಡಿನ ಸ್ಟ್ಯಾಂಡನ್ನು ಎಳೆದು ಆ ಗುರುತಿನ ಮುಂದೆ ನಿಲ್ಲಿಸಿದೆ. ಅತ್ತೆಗೆ, “ಅವರಿಗೆ ಹೇಳ್ತೀನಿ ಬಿಡಿ” ಎಂದೆ. ಹೇಳಲಿಲ್ಲ. ವಿಸಿಟರ್ಸ್ ಪುಸ್ತಕದಲ್ಲಿ ಹೆಸರು, ಇಮೇಲ್ ಬರೆದು, ಗ್ವೆನ್‌ಗೆ ಟಾಟಾ ಮಾಡಿ, ಕೋಟೆಗೆ ಓಡಿದೆ. ಕೋಟೆ ಅದ್ಭುತವಾಗಿತ್ತು. ಅದನ್ನೂ ಹೇಳಬೇಕು.

ಡಬ್ಲಿನ್‌ಗೆ ಮರಳಿದ ಸ್ವಲ್ಪ ದಿನಕ್ಕೆ ಗ್ವೆನ್ ಅವರ ಮೇಲ್ ಬಂತು, ಫೋಟೋ ಸಮೇತ. ಪ್ರತಿ ಸಾಲಿಗೂ ಆಶ್ಚರ್ಯಸೂಚಕ! ಆ ಸೀಮೆಯ ಹಳೆಯ ಚರ್ಚುಗಳಲ್ಲಿ ಸುಣ್ಣದ ಪದರಗಳ ಕೆಳಗೆ ಶತಮಾನಗಳ ಹಿಂದಿನ ಕೆಂಪು ಚಿತ್ರಗಳು ಸಿಗುವುದುಂಟಂತೆ. ಸ್ಟ್ಯಾಂಡು ಸರಿಸಿದರೆ ಗೋಡೆಯೊಳಗಿಂದ ಒಂದು ಕೈ ಮೂಡಿ ಬಂದಿದೆ! ಎರಡು ಬೆರಳು ಮಡಚಿ ಮೂರು ಎತ್ತಿದ ಕೈ — ಸಂತರು ಹರಸುವ ಮುದ್ರೆ ಅದೇ! ಊರಿನವರು ಸಾಲುಗಟ್ಟಿ ಬರುತ್ತಿದ್ದಾರೆ, ಭಾನುವಾರ ಬೆಂಚು ಸಾಲಲಿಲ್ಲ, ಇನ್ನು ನಮ್ಮ ಚರ್ಚು ಉಳಿಯಿತು! ಸುಣ್ಣ ಹೊಡೆದ ಮಾರನೆಯ ದಿನ ಬಂದವರು ನೀವು, ನಿಮ್ಮ ಕಾಲ್ಗುಣ!

ನಾನು ಏನು ಮಾಡಿದೆ ಗೊತ್ತೆ? ನಕ್ಕೆ. ಅಡುಗೆಮನೆಯಲ್ಲಿ ಮೂರು ಬೆರಳಲ್ಲಿ ರೊಟ್ಟಿ ತಟ್ಟುತ್ತಿದ್ದ ಅತ್ತೆಯನ್ನು ನೋಡಿ ರೋಮಾಂಚನವಾಯಿತು — ಹೌದು, ರೋಮಾಂಚನ, ಬೇರೆ ಪದವಿಲ್ಲ. ನನ್ನ ಪ್ರೀತಿಯ ಆ ಕೋಟೆ-ಚರ್ಚುಗಳ ಲೋಕದೊಳಕ್ಕೆ ನಮ್ಮ ಮನೆಯ ಕೈಯೊಂದು ನುಗ್ಗಿ ಸಂತನಾಗಿಬಿಟ್ಟಿತ್ತು. “ಎಂಥ ಅದ್ಭುತ!” ಎಂದು ಉತ್ತರ ಬರೆದೆ. ಮುಂದಿನ ಮೇಲ್‌ಗಾಗಿ ಕಾದೆ.

ಮುಂದಿನ ಮೇಲ್‌ಗಳಲ್ಲಿ ಆಶ್ಚರ್ಯಸೂಚಕಗಳು ಕಡಿಮೆಯಾದವು. ಸುಣ್ಣ ಒಣಗುತ್ತ ಬಂದಂತೆ ಕೆಂಪು ಮಾಸಿ ಹಳದಿಯಾಗತೊಡಗಿತು. ತಜ್ಞರು ಬಂದು ಚೂರು ಕೆರೆದು ಪರೀಕ್ಷಿಸಿದರು. ಹಳೆಯದಲ್ಲ, ಮೊನ್ನೆ ಮೊನ್ನೆಯದು, ಯಾವುದೋ ಗಿಡದ ಬಣ್ಣ, ಎಂದರು. ಕೀಲಿಕೈ ಇದ್ದದ್ದು ಗ್ವೆನ್ ಬಳಿ ಮಾತ್ರ. ಚರ್ಚು ಉಳಿಯಲಿ ಎಂದು ಹಂಬಲಿಸಿದವರೂ ಅವರೇ. ಊರು ತಾನೇ ಕೂಡಿ ಕಳೆದು ತೀರ್ಮಾನಕ್ಕೆ ಬಂತು.

ಆಗ ಗ್ವೆನ್ ಬರೆದರು: “ನೀವು ಎಲ್ಲವನ್ನೂ ಗಮನವಿಟ್ಟು ನೋಡುವವರು. ಹೊಸ ಸುಣ್ಣದ ಮೇಲೆ ನೀವು ಕಂಡದ್ದನ್ನು ಇವರಿಗೆ ಬರೆದು ತಿಳಿಸುತ್ತೀರಾ? ನನಗೆ ಬೇರೆ ಸಾಕ್ಷಿಯಿಲ್ಲ.”

ನಾನು ಬರೆದೆ: “ಕ್ಷಮಿಸಿ, ನಾನು ಏನನ್ನೂ ಗಮನಿಸಲಿಲ್ಲ.”

ಗ್ರೀನ್‌ಕಾರ್ಡ್ ಅರ್ಜಿ ನಡೆಯುತ್ತಿತ್ತು, ಹಳೆಯ ಕಟ್ಟಡ ಹಾಳು ಮಾಡಿದ ಕೇಸು ಮೈಮೇಲೆ ಬಂದರೆ ಎಂಬ ಹೆದರಿಕೆ — ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಒಂದೇ ಒಂದು ಮಾತು ಕೇಳದೆ ಕೇಳಿದೆ ಎಂದಿದ್ದೆನಲ್ಲ, ಅದು ಅತ್ತೆಗೆ ತಿಳಿಯುವುದು ನನಗೆ ಬೇಕಿರಲಿಲ್ಲ. ಅಷ್ಟೇ. ಗ್ವೆನ್ ಕೀಲಿಕೈ ಒಪ್ಪಿಸಿದರು. ಚರ್ಚಿಗೆ ಬೀಗ ಬಿತ್ತು. ಅವರಿಂದ ಮತ್ತೆ ಮೇಲ್ ಬರಲಿಲ್ಲ.

ಹೋದ ತಿಂಗಳು ಪಕ್ಕದ ಮನೆಯ ಹುಡುಗಿಯ ಸೀಮಂತ. ಅತ್ತೆ ಆರತಿಗೆ ಸುಣ್ಣ ಕದಡಿದರು; ನೀರು ಕೆಂಪೇರಿತು. ಸುತ್ತಲಿದ್ದ ಹೆಂಗಸರಿಗೆ ಎಂದಿನಂತೆ ಖುಷಿಯಿಂದ ಹೇಳತೊಡಗಿದರು: “ವೇಲ್ಸಿನ್ಯಾಗ ಚರ್ಚಿನ ಗ್ವಾಡಿಗೂ ಹಿಂಗ ಕೆಂಪಾತ್ರೀ ನನ್ನ ಕೈ! ಆ ತಾಯಿ ಎಂಥಾ ದೊಡ್ಡ ಮನಸ್ಸಿನಾಕಿ, ಕೇಳಿದ ಕೂಡ್ಲೇ ಹೂಂ ಅಂದ್ಲು. ಅಲ್ಲೇನ, ಸುಮಾ?”

ಎಲ್ಲರೂ ನನ್ನತ್ತ ನೋಡಿದರು. ಎಂದಿನ ‘ಹೌದು’ ಬಾಯಿಗೆ ಬರಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅತ್ತೆ ಬೈಯಲಿಲ್ಲ. ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. “ನನ್ನ ಕೈಗೆ ಸುಳ್ಳು ಹಚ್ಚಿಬಿಟ್ಟೆಲ್ಲವಾ” ಎಂದರು. ಬಳಿಕ ಎದ್ದರು. “ಗ್ಯಾರೇಜಿನ್ಯಾಗ ಹಲಗಿ ಐತೇನು? ಅದಕ್ಕ ಸುಣ್ಣಾ ಬಳಿ. ನನ್ನ ಕೈ ಆಕಿ ಊರವರು ನೋಡಲಿ.”

ಬಳಿದೆ. ಹಸಿ ಇರುವಾಗಲೇ ಅರಿಶಿನದ ಅಂಗೈಯನ್ನು ಅದರ ಮೇಲೆ ಊರಿದರು. ಹಳದಿ, ಕೇಸರಿ, ಕೆಂಪು — ಅಂದಿನಂತೆಯೇ. ಅದೇ ಮೂರು ಬೆರಳು. ಒಣಗುವ ಮೊದಲೇ ಗ್ವೆನ್ ಕಳಿಸಿದ್ದ ಗೋಡೆಯ ಫೋಟೋದ ಪಕ್ಕದಲ್ಲಿಟ್ಟು ಚಿತ್ರ ತೆಗೆದುಕೊಂಡೆ. ಗ್ವೆನ್‌ಗೆ ಫೋನ್ ಮಾಡಿ, ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳಿದೆ. ಅವರು ಅಳಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. “ಇದನ್ನೇ ಇಲ್ಲಿ, ಆ ಗೋಡೆಯ ಮುಂದೆ, ಅವರೆಲ್ಲರ ಎದುರಿಗೆ ನಿಂತು ಹೇಳುತ್ತೀರಾ?” ಎಂದು ಕೇಳಿದರು. ಹೇಳುತ್ತೇನೆ ಎಂದೆ.

ನಾಳೆ ಹೊರಡುತ್ತೇವೆ. ಕೆಂಪು ಈಗಾಗಲೇ ಹಳದಿಗೆ ತಿರುಗುತ್ತಿರುವ ಹಲಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ. ಅರಿಶಿನದ ಡಬ್ಬಿಯನ್ನೂ ಸುಣ್ಣವನ್ನೂ ಅತ್ತೆ ತಾವೇ ಪ್ಯಾಕ್ ಮಾಡಿಕೊಂಡಿದ್ದಾರೆ — ಅಲ್ಲಿ ಎಲ್ಲರೆದುರು ಮತ್ತೊಮ್ಮೆ ತೋರಿಸಬೇಕಂತೆ. ದಾರಿಯಲ್ಲಿ ಸಿಗುವ ಯಾವ ಕೋಟೆಯ ಮುಂದೆಯೂ ಈ ಸಲ ಕಾರು ನಿಲ್ಲುವುದಿಲ್ಲ.

ಈಗಷ್ಟೇ ಅತ್ತೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದರು.

“ಅಲ್ಲಿ ನಾ ಏನಂತೀನಿ, ಅಷ್ಟ ಆಕಿಗೆ ಹೇಳು. ಆಕಿ ಏನಂತಾಳ, ಅಷ್ಟ ನನಗ ಹೇಳು.”

“ಅವರು ಬೈದರೆ, ಅತ್ತೆ?”

“ಬೈದದ್ದೂ ಹೇಳು.”